ಬೆರ್ನಿಸಳ ಹನ್ನೆರಡು

ಲೆಲ್ಯಾಂಡ್ ಓಸ್ಟ್ರೆಮ್‌ಗೆ ಕಾರು ಓಡಿಸಲು ಬರುತ್ತಿರಲಿಲ್ಲ ಎಂದಲ್ಲ, ಅವನ ಅಕ್ಕ ಆರ್ಲಿಸ್ ಓಡಿಸಲು ಬಿಡುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಒಮ್ಮೆ ಫರ್ಗಸ್ ಫಾಲ್ಸ್ ಹತ್ತಿರ, ಬೆನ್ನ ಹಿಂದೆಯೇ ಬೀಟ್ ಗೆಡ್ಡೆ ತುಂಬಿದ ಲಾರಿ ಬರುತ್ತಿದೆ ಎಂಬ ಪರಿವೆಯಿಲ್ಲದೆ ನಡುರಸ್ತೆಯಲ್ಲಿ ಬ್ರೇಕ್ ತುಳಿದು, "ಆ ಏಳು ನೋಡೇ, ಆ ಏಳು!" ಎಂದು ಕೂಗಿದ್ದ. ಲಾರಿ ಪಕ್ಕದ ಜೋಳದ ಹೊಲಕ್ಕೆ ಇಳಿದು ನಿಂತಿತು. ಡ್ರೈವರ್ ಇಳಿದು ಬಂದು ಬೈದ ಬೈಗುಳ ಆರ್ಲಿಸ್‌ಗೆ ಇನ್ನೂ ಬಾಯಿಪಾಠ. ಅಂದಿನಿಂದ ಸ್ಟೀರಿಂಗ್ ಅವಳದು, ಕ್ಯಾಮೆರಾ ಅವನದು.

ಅವನ ಹುಚ್ಚು ರಸ್ತೆ ನಂಬರಿನ ಬೋರ್ಡುಗಳದು. ಹೆದ್ದಾರಿಯ ಅಂಚಿನಲ್ಲಿ ಕಂಬಕ್ಕೆ ಜಡಿದಿರುವ, ಇದು ಐವತ್ತೊಂಬತ್ತನೆಯ ರಸ್ತೆ, ಇದು ತೊಂಬತ್ತನಾಲ್ಕನೆಯದು ಎಂದು ಹೇಳುವ ತಗಡುಗಳು. ಅವುಗಳನ್ನು ಕೀಳುವವನಲ್ಲ, ಕದಿಯುವವನೂ ಅಲ್ಲ. ಹಕ್ಕಿ ಹಿಕ್ಕೆ ಹಾಕಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲು ಬೋರ್ಡಿನ ಮುಖಕ್ಕೆ ಬೀಳುವ ಹೊತ್ತು ಕಾದು, ಒಂದು ಫೋಟೋ ತೆಗೆದು, ಊರು, ತಾರೀಖು ಬರೆದುಕೊಳ್ಳುವವನು. ಕಾನ್ಸಾಸಿನ ಬೋರ್ಡಿನ ಸೂರ್ಯಕಾಂತಿ, ಯೂಟಾದ ಜೇನುಗೂಡು, ನ್ಯೂ ಮೆಕ್ಸಿಕೋದ ಕೆಂಪು ಸೂರ್ಯ, ಎಲ್ಲವೂ ಅವನ ಆಲ್ಬಮ್ಮುಗಳಲ್ಲಿ ಸೇರಿದ್ದವು. ಮೂವತ್ತಾರು ಆಲ್ಬಮ್ಮು, ಹನ್ನೊಂದು ಸಾವಿರ ಫೋಟೋ.

ಈ ಹುಚ್ಚು ಹತ್ತಿದ್ದು ವಾಂತಿಯಿಂದ. ಚಿಕ್ಕಂದಿನಲ್ಲಿ ಕಾರು ಹತ್ತಿ ಹತ್ತು ಮೈಲಿ ಹೋಗುವಷ್ಟರಲ್ಲಿ ಅವನಿಗೆ ಹೊಟ್ಟೆ ತೊಳಸುತ್ತಿತ್ತು. "ಕಾಲ ಕೆಳಗೆ ನೋಡಬೇಡ, ದೂರದ ಬೋರ್ಡು ನೋಡು, ನಂಬರ್ ಎಷ್ಟು ಹೇಳು," ಎನ್ನುತ್ತಿದ್ದಳು ತಾಯಿ. ಅವನು ಹೇಳುತ್ತಾ ಹೋದ. ವಾಂತಿ ನಿಂತಿತು, ಹೇಳುವುದು ನಿಲ್ಲಲಿಲ್ಲ. ದೊಡ್ಡವನಾಗಿ ಸೇಂಟ್ ಕ್ಲೌಡ್‌ನಲ್ಲಿ ನಲವತ್ತು ವರ್ಷ ಕಟ್ಟುಹಲ್ಲಿನ ಸೆಟ್ಟು ಮಾಡುವ ಕೆಲಸ ಮಾಡಿದ. ಮದುವೆಯಾಗಲಿಲ್ಲ. ಒಂದು ಹಲ್ಲಿಗೂ ಇನ್ನೊಂದು ಹಲ್ಲಿಗೂ ಕೂದಲೆಳೆಯ ವ್ಯತ್ಯಾಸವನ್ನು ಹಿಡಿಯುತ್ತಿದ್ದ ಆ ಕಣ್ಣು, ರಜೆಯ ದಿನ ರಸ್ತೆಗೆ ಬಿದ್ದರೆ ಬೋರ್ಡಿನ ಅಂಕಿಗಳನ್ನೂ ಹಾಗೆಯೇ ಹಿಡಿಯುತ್ತಿತ್ತು. ನಿವೃತ್ತನಾದ ಮೇಲಂತೂ ವಾರಕ್ಕೆರಡು ದಿನ ತಿರುಗಾಟ. ಗಂಡನನ್ನು ಕಳೆದುಕೊಂಡಿದ್ದ ಆರ್ಲಿಸ್, "ಮನೆಯಲ್ಲಿ ಕೂತು ಗೋಡೆ ನೋಡೋದಕ್ಕಿಂತ ನಿನ್ನ ತಗಡು ನೋಡೋದೇ ವಾಸಿ," ಎಂದು ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಹೊರಡುತ್ತಿದ್ದಳು.

ಆ ಅಕ್ಟೋಬರ್ ಮಂಗಳವಾರ ಅವರು ಹೊರಟಿದ್ದು ಒಂದು ತಪ್ಪನ್ನು ಹುಡುಕಿಕೊಂಡು.

ಮಿನೆಸೋಟದ ಪಡುವಣ ಅಂಚಿನಲ್ಲಿ ಸ್ಟೋರ್ಡಾಲ್ ಎಂಬ ಕೌಂಟಿ, ನಮ್ಮ ತಾಲೂಕಿನಂಥದ್ದು. ಅಲ್ಲಿ ಹನ್ನೆರಡನೆಯ ನಂಬರಿನ ಒಂದು ಜಲ್ಲಿ ರಸ್ತೆ. ಕೌಂಟಿಯ ರಸ್ತೆಗೆ ಇರಬೇಕಾದದ್ದು ಐದು ಮೂಲೆಯ ನೀಲಿ ಬೋರ್ಡು, ಅದರ ಮೇಲೆ ಹಳದಿ ಅಂಕಿ. ಆದರೆ ಒಂದು ಕೂಡುರಸ್ತೆಯಲ್ಲಿ ಯಾರೋ ರಾಷ್ಟ್ರೀಯ ಹೆದ್ದಾರಿಯ ಗುರಾಣಿಯಾಕಾರದ ಬಿಳಿ ಬೋರ್ಡು ನೆಟ್ಟುಬಿಟ್ಟಿದ್ದರು, ಊರ ಕಾವಲುಗಾರನ ತಲೆಗೆ ದೊರೆಯ ಪೇಟ ಇಟ್ಟ ಹಾಗೆ. ನಿಜವಾದ ಹನ್ನೆರಡನೆಯ ಹೆದ್ದಾರಿ ಅಲ್ಲಿಂದ ಇಪ್ಪತ್ತು ಮೈಲಿ ತೆಂಕಣಕ್ಕೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಬೋರ್ಡಿನ ಹುಚ್ಚರಿಗೆ ಇಂಥ ತಪ್ಪು ಎಂದರೆ ನಿಧಿ. ಲೆಲ್ಯಾಂಡ್‌ಗೆ ಇದರ ಸುಳಿವು ಒಹಾಯೋದ ಒಬ್ಬ ಬೋರ್ಡಿನ ಹುಚ್ಚನಿಂದ ಸಿಕ್ಕಿ ಎರಡು ವರ್ಷವಾಗಿತ್ತು. ಮೊದಲು ಕಣ್ಣಿನ ಪೊರೆಯ ಆಪರೇಷನ್, ಆಮೇಲೆ ಆರ್ಲಿಸಳ ಮೊಣಕಾಲು, ಹೀಗೆ ಮುಂದಕ್ಕೆ ಹೋಗಿ ಹೋಗಿ ಇಂದಿಗೆ ಕೂಡಿಬಂದಿತ್ತು.

ಕೂಡುರಸ್ತೆ ಬಂತು. ಕಟಾವಾದ ಜೋಳದ ಹೊಲ, ದೂರದಲ್ಲಿ ಧಾನ್ಯದ ಉಗ್ರಾಣದ ಗೋಪುರ, ಗಾಳಿ. ಕಂಬವಿತ್ತು. ಕಂಬದ ಮೇಲೆ ಹೊಚ್ಚ ಹೊಸ, ಐದು ಮೂಲೆಯ, ನೀಲಿ ಬೋರ್ಡಿತ್ತು. ಹಳದಿಯಲ್ಲಿ ಹನ್ನೆರಡು. ಎಲ್ಲವೂ ಸರಿಯಾಗಿತ್ತು.

ಲೆಲ್ಯಾಂಡ್ ಕಾರಿನಿಂದ ಇಳಿದವನು ಕ್ಯಾಮೆರಾದ ಮುಚ್ಚಳವನ್ನೂ ತೆಗೆಯಲಿಲ್ಲ.

"ಇದೇ ಜಾಗ ಹೌದಾ?" ಎಂದಳು ಆರ್ಲಿಸ್ ಕಿಟಕಿ ಇಳಿಸಿ.

"ಇದೇ."

"ಸರಿ ಮಾಡಿಬಿಟ್ಟಿದ್ದಾರೆ."

"ಬೋಲ್ಟು ಇನ್ನೂ ಹೊಳೀತಿದೆ. ಒಂದು ವಾರ ಆಗಿರಬಹುದು, ಜಾಸ್ತಿ ಅಂದ್ರೆ ಹತ್ತು ದಿನ." ಅವನ ಧ್ವನಿ ತೆಳ್ಳಗಾಗಿತ್ತು. "ಇಪ್ಪತ್ತನಾಲ್ಕು ವರ್ಷ ನಿಂತಿತ್ತು ಕಣೇ. ನಾನು ಬರೋ ವಾರವೇ ಬೇಕಾಗಿತ್ತಾ ಇವರಿಗೆ?"

ಆರ್ಲಿಸ್‌ಗೆ ನಗು ಬಂತು. ಆದರೆ ತಮ್ಮನ ಮುಖ ನೋಡಿ ನುಂಗಿಕೊಂಡಳು. ಅರವತ್ತಮೂರರ ಮುದುಕ, ಐಸ್‌ಕ್ರೀಂ ಕೈಜಾರಿದ ಹುಡುಗನ ಹಾಗೆ ನಿಂತಿದ್ದ. "ಹತ್ತು ಕಾರು," ಎಂದಳು. "ಏನಾದ್ರೂ ತಿನ್ನೋಣ. ಹಸಿದ ಹೊಟ್ಟೇಲಿ ಯಾವ ದುಃಖಾನೂ ಪಡಬಾರದು."

ನಾರ್ಬಿ ಎಂಬ ಊರು ಮೂರು ಮೈಲಿ. ಒಂದೇ ಬೀದಿ, ಒಂದೇ ಕೆಫೆ. ಅದರ ಒಡತಿ ಗೇಲೀನ್ ಎಂಬ ದಪ್ಪಗಿನ ಹೆಂಗಸು. ಲೆಲ್ಯಾಂಡ್ ಆಪಲ್ ಪೈ ಮುಂದಿಟ್ಟುಕೊಂಡು ಅದರ ಅಂಚನ್ನು ಫೋರ್ಕಿನಿಂದ ಕೆದಕುತ್ತಾ ಕೂತ. ಗೇಲೀನ್‌ಗೆ ಅದನ್ನು ಸಹಿಸಲಾಗಲಿಲ್ಲ.

"ಪೈ ಚೆನ್ನಾಗಿಲ್ವಾ?"

"ಪೈ ಚೆನ್ನಾಗಿದೆ. ಇವನಿಗೆ ಸಾವಾಗಿದೆ," ಎಂದಳು ಆರ್ಲಿಸ್. "ಬೋರ್ಡು ತೀರಿಕೊಂಡಿದೆ."

ವಿಷಯ ತಿಳಿದದ್ದೇ ತಡ, ಪಕ್ಕದ ಮೇಜಿನಲ್ಲಿ ಕಾಫಿ ಹೀರುತ್ತಿದ್ದ ಮೂವರು ಮುದುಕರೂ ಕುರ್ಚಿ ತಿರುಗಿಸಿದರು. "ಬೆರ್ನಿಸಳ ಹನ್ನೆರಡು!" ಎಂದು ತೊಡೆ ತಟ್ಟಿದವನು ಆರ್ವಿಡ್, ಅವರಲ್ಲಿ ಹಿರಿಯ. "ಅಯ್ಯೋ, ಅದಕ್ಕಾಗಿ ಸೇಂಟ್ ಕ್ಲೌಡಿಂದ ಬಂದ್ರಾ? ಬೆರ್ನಿಸ್ ಕ್ವಾಮ್ ಅಂತ, ಕೌಂಟಿಯ ಬೋರ್ಡು ಮಾಡೋ ಶೆಡ್ಡಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೋಳು, ಅಕ್ಕಪಕ್ಕದ ಎರಡು ಕೌಂಟಿಗೂ ಬೋರ್ಡು ಅಲ್ಲಿಂದ್ಲೇ. ಅವಳ ಕೈಚಳಕ ಅದು. ಆ ಮದುವೆ ಕಥೆ ಗೊತ್ತಾ ನಿಮಗೆ?"

ಗೊತ್ತಿಲ್ಲ ಎಂದರೂ ಗೊತ್ತಿದೆ ಎಂದರೂ ಆರ್ವಿಡ್ ಹೇಳುವವನೇ. ಬೆರ್ನಿಸಳ ತಂಗಿಯ ಮಗಳು ಕ್ಯಾರಿನ್‌ಳ ಮದುವೆ. ಗಂಡು ಟಾಡ್, ಸೌತ್ ಡಕೋಟದವನು, ತಂದೆತಾಯಿಯನ್ನು ಕೂರಿಸಿಕೊಂಡು ಹೊರಟ. ಹನ್ನೆರಡನೆಯ ಹೆದ್ದಾರಿ ಹಿಡಿದು ಬಾ ಎಂದಿದ್ದರು. ಎಲ್ಲೋ ಒಂದು ಕಡೆ ರಸ್ತೆ ರಿಪೇರಿ, ಬಳಸುದಾರಿ. ಬಳಸಿ ಬಂದವನಿಗೆ ಎದುರಾದದ್ದು ಬೆರ್ನಿಸಳ ಬಿಳಿ ಗುರಾಣಿ. ಅಬ್ಬಾ ಸಿಕ್ಕಿತು ಹೆದ್ದಾರಿ ಎಂದು ಅದನ್ನೇ ಹಿಡಿದ. ಡಾಂಬರು ಜಲ್ಲಿಯಾಯಿತು, ಜಲ್ಲಿ ಮಣ್ಣಾಯಿತು, ಮಣ್ಣು ಹೋಗಿ ಕೆರೆಯಾಯಿತು. ಕಾರು ಜೊಂಡಿನಲ್ಲಿ ಹೂತಿತು. ಚರ್ಚಿನಲ್ಲಿ ಒಂದೂವರೆ ಗಂಟೆ ಎಲ್ಲರೂ ಬಾಗಿಲು ನೋಡುತ್ತಾ ಕೂತರು. ಗಂಡು ಕೈಕೊಟ್ಟ ಎಂದೇ ಹೆಣ್ಣು ಅಳತೊಡಗಿದಳು. ಕೊನೆಗೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಯಾರದೋ ಟ್ರಾಕ್ಟರ್ ಮೇಲೆ ಕೂತು ಮದುಮಗ ಬಂದ.

"ಈಗಲೂ ಕ್ರಿಸ್ಮಸ್ ಊಟಕ್ಕೆ ಕೂತಾಗ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ," ಎಂದ ಆರ್ವಿಡ್. "ಬೆರ್ನಿಸ್, ಉಪ್ಪು ಎಲ್ಲಿದೆ ಅಂತ ತೋರಿಸ್ತೀಯಾ, ಇಲ್ಲ ಕೆರೆಗೆ ಕಳಿಸ್ತೀಯಾ ಅಂತ!"

ಮೂವರೂ ನಕ್ಕರು. ಲೆಲ್ಯಾಂಡ್ ನಗಲಿಲ್ಲ. "ಆ ಬೋರ್ಡು ಈಗ ಎಲ್ಲಿದೆ?"

"ಅವಳ ಹತ್ರಾನೇ," ಎಂದಳು ಗೇಲೀನ್. "ಹೊಸ ಇಂಜಿನಿಯರ್ ಬಂದ್ರಲ್ಲ, ಅವರ ಹತ್ರ ಹೋಗಿ, ಮೊದಲು ಅದನ್ನ ಕೀಳಿ, ಕಿತ್ತು ನನಗೆ ಕೊಡಿ ಅಂತ ಹಟ ಹಿಡಿದಳಂತೆ. ಇಲ್ಲಾಂದ್ರೆ ಈ ಮುದಿಗೂಬೆಗಳು ತಂದು ಇಲ್ಲೇ ಗೋಡೆಗೆ ನೇತುಹಾಕ್ತಿದ್ರು." ಬಿಲ್ಲಿನ ಹಿಂಬದಿಯಲ್ಲಿ ಅವಳು ದಾರಿ ಗೀಚಿಕೊಟ್ಟಳು. "ಹೋಗಿ ನೋಡಿ. ಆದ್ರೆ ಒಂದ್ಮಾತು. ಅವಳು ಜೊತೇಲಿ ನಗ್ತಾಳೆ ನಿಜ. ಒಳಗೆ ನಗ್ತಾಳಾ ಅನ್ನೋದು ನಂಗೆ ಗೊತ್ತಿಲ್ಲ."

ಬೆರ್ನಿಸ್ ಕ್ವಾಮ್ ಏಣಿಯ ಮೇಲಿದ್ದಳು. ಎಪ್ಪತ್ತೊಂದು ವರ್ಷದ ಗಟ್ಟಿ ಹೆಂಗಸು, ಗಂಡಸಿನ ಕೋಟು ತೊಟ್ಟು, ಚಳಿಗಾಲದ ಎರಡನೆಯ ಪದರದ ಗಾಜನ್ನು ಕಿಟಕಿಗೆ ಕೂರಿಸುತ್ತಿದ್ದಳು.

"ಏನಾದ್ರೂ ಮಾರೋಕೆ ಬಂದಿದ್ರೆ ನಂಗೇನೂ ಬೇಡ," ಎಂದಳು ತಿರುಗಿಯೂ ನೋಡದೆ. "ದೇವರ ವಿಷಯ ಹೇಳೋಕೆ ಬಂದಿದ್ರೆ, ನಂಗೆ ಲೂಥರನ್ ಚರ್ಚೇ ಸಾಕು."

"ಎರಡೂ ಅಲ್ಲ ಮಿಸೆಸ್ ಕ್ವಾಮ್. ಆ ಹನ್ನೆರಡನೇ ನಂಬರಿನ ಬೋರ್ಡು..."

ಆಕೆ ಏಣಿಯ ಒಂದೊಂದೇ ಮೆಟ್ಟಿಲು ಇಳಿದು ಬಂದಳು. "ಎಲ್ಲಿಂದ ಬಂದ್ರಿ?"

"ಸೇಂಟ್ ಕ್ಲೌಡಿಂದ."

"ಅಲ್ಲಿವರೆಗೂ ಹೋಯ್ತಾ ನನ್ನ ಮಾನ?"

"ಸೇಂಟ್ ಕ್ಲೌಡ್ ಏನು ಮಹಾ, ಒಹಾಯೋವರೆಗೂ ಹೋಗಿದೆ," ಎಂದ ಲೆಲ್ಯಾಂಡ್. ಸಮಾಧಾನ ಮಾಡುತ್ತಿದ್ದೇನೆಂದೇ ಅವನು ತಿಳಿದಿದ್ದ. ಆರ್ಲಿಸ್ ಅವನ ಕಾಲು ತುಳಿದಳು.

ಬೆರ್ನಿಸಳ ಮುಖ ಕೆಂಪಾಯಿತು. "ಗುರುವಾರ ಗುಜರಿಯವನು ಬರ್ತಾನೆ. ಅವನು ತಗೊಂಡು ಹೋದ್ಮೇಲೆ ಒಹಾಯೋದವರಿಗೂ ಹೇಳಿಬಿಡಿ, ಮುಗೀತು ಅಂತ. ನಮಸ್ಕಾರ."

"ಒಂದ್ನಿಮಿಷ," ಎಂದು ಆರ್ಲಿಸ್ ಮುಂದೆ ಬಂದಳು. "ನೀವು ಇವನನ್ನ ಬೈಯೋದು ನ್ಯಾಯವೇ. ನಿಧಾನಕ್ಕೆ ಬೈಯಿರಿ. ಅದಕ್ಕೆ ಮುಂಚೆ ನಿಮ್ಮ ಬಾತ್‌ರೂಮ್ ಎಲ್ಲಿದೆ ಹೇಳ್ತೀರಾ? ಗೇಲೀನ್ ಮೂರು ಕಪ್ ಕಾಫಿ ಕುಡಿಸಿಬಿಟ್ಟಿದ್ದಾಳೆ."

ಎಂಥ ಕೋಪವಿದ್ದರೂ ಇದಕ್ಕೆ ಇಲ್ಲ ಎನ್ನಲು ಬರುವುದಿಲ್ಲ. ಮನೆಯೊಳಗೆ ಕಾಲಿಟ್ಟವರಿಗೆ ಕಾಫಿ ಕೊಡದೆ ಕಳಿಸುವ ಹೆಂಗಸು ಆ ಸೀಮೆಯಲ್ಲಿ ಹುಟ್ಟಿಲ್ಲ. ಹೀಗಾಗಿ ಹತ್ತು ನಿಮಿಷದಲ್ಲಿ ಮೂವರೂ ಅಡಿಗೆಮನೆಯ ಮೇಜಿನ ಸುತ್ತ ಕೂತಿದ್ದರು. ನಡುವೆ ಬೆಣ್ಣೆ ಸಕ್ಕರೆ ಸವರಿ ಸುತ್ತಿದ ಆಲೂಗಡ್ಡೆಯ ತೆಳು ರೊಟ್ಟಿ, ಲೆಫ್ಸೆ. ಹಿಂಬಾಗಿಲ ಪಕ್ಕದಲ್ಲಿ, ಫ್ರೀಜರಿಗೂ ಆಲೂಗಡ್ಡೆಯ ಚೀಲಕ್ಕೂ ನಡುವೆ, ಮುಖ ಗೋಡೆಗೆ ಮಾಡಿ ನಿಂತಿತ್ತು ಒಂದು ತಗಡು. ಲೆಲ್ಯಾಂಡ್ ಕಷ್ಟಪಟ್ಟು ಅದರ ಕಡೆ ನೋಡದೆ ಕೂತ.

"ಎಂಬತ್ತೇಳನೇ ಇಸವಿ," ಎಂದಳು ಬೆರ್ನಿಸ್ ತಾನಾಗಿಯೇ. ಲೆಫ್ಸೆ ತಿನ್ನುವವರ ಮುಂದೆ ಕೋಪ ಹೆಚ್ಚು ಹೊತ್ತು ನಿಲ್ಲುವುದಿಲ್ಲ. "ನಮ್ಮ ಬೇಸ್‌ಬಾಲ್ ಟೀಮು ವರ್ಲ್ಡ್ ಸೀರೀಸ್ ಗೆದ್ದ ಮಾರನೇ ದಿನ. ಇಡೀ ಕೌಂಟೀಲಿ ಯಾರೂ ನೆಟ್ಟಗೆ ಕೆಲಸ ಮಾಡ್ಲಿಲ್ಲ ಅವತ್ತು. ನಾನು ಮಾಡ್ದೆ, ಅದೇ ತಪ್ಪು. ಹೆದ್ದಾರಿಯವರಿಗೆ ಅಂತ ಮಾಡಿದ್ದ ಬಿಳಿ ತಗಡು ಒಂದು ಉಳಿದಿತ್ತು. ಕೈಗೆ ಸಿಕ್ಕಿದ್ದರ ಮೇಲೆ ಹನ್ನೆರಡು ಅಂಟಿಸ್ದೆ. ನೆಡೋರು ನೆಟ್ಟುಬಂದ್ರು. ಮದುವೆ ಗಲಾಟೆ ಆದ್ಮೇಲೆ ಮೇಸ್ತ್ರಿ ಹತ್ರ ಹೋಗಿ, ಬದಲಾಯಿಸೋಣ ಅಂದೆ. ಬಿಡು ಬೆರ್ನಿಸ್, ನಮ್ಮ ಕೌಂಟಿಗೂ ಒಂದು ಹೆದ್ದಾರಿ ಇರಲಿ ಅಂತ ನಕ್ಕ. ಪ್ರತಿ ವರ್ಷ ಕೇಳ್ದೆ. ಪ್ರತಿ ವರ್ಷ ನಕ್ಕ. ನಾನು ನಿವೃತ್ತಿ ಆದ ದಿನ ಕೇಕ್ ಮಾಡಿಸಿದ್ರು. ಅದೂ ಗುರಾಣಿ ಆಕಾರದ್ದು. ಮೇಲೆ ಹನ್ನೆರಡು."

ಆಕೆ ಮೇಜಿನ ಮೇಲಿದ್ದ ಸಕ್ಕರೆಯ ಕಣಗಳನ್ನು ಅಂಗೈಯಿಂದ ಒಟ್ಟುಮಾಡಿದಳು. "ಮೂವತ್ತೊಂದು ವರ್ಷದಲ್ಲಿ ಆರು ಸಾವಿರ ಬೋರ್ಡು ಮಾಡಿದ್ದೀನಿ. ಜನ ಮಾತಾಡೋದು ಒಂದರ ಬಗ್ಗೆ."

ಬೆರ್ನಿಸ್ ಎದ್ದು ಹೋಗಿ ಆ ತಗಡನ್ನು ಕಾಲಿನಿಂದಲೇ ತಿರುಗಿಸಿದಳು. "ನೋಡಿ, ಕಣ್ತುಂಬ ನೋಡ್ಕೊಳ್ಳಿ. ಇಷ್ಟು ದೂರ ಬಂದಿದ್ದೀರಿ. ಫೋಟೋ ಮಾತ್ರ ಬೇಡ."

ಲೆಲ್ಯಾಂಡ್ ಮಂಡಿಯೂರಿ ಕೂತ. ಬಿಳಿ ಗುರಾಣಿ, ಕಪ್ಪು ಅಂಚು, ನಡುವೆ ಒಂದರ ಅಂಕಿ, ಪಕ್ಕದಲ್ಲಿ ಎರಡರದು. ಅವನ ಕಣ್ಣು ಗುರಾಣಿಯನ್ನು ಬಿಟ್ಟು ಆ ಎರಡರ ಮೇಲೆ ನಿಂತಿತು. ಬೆರಳಿನಿಂದ ಅದರ ಕತ್ತನ್ನು, ಆ ಮೇಲಿನ ಬಾಗನ್ನು, ನಿಧಾನವಾಗಿ ಸವರಿದ. ಎದ್ದ. ಬಾಗಿಲು ತೆಗೆದು ಹೊರಗೆ ಹೋದ.

"ಬೇಜಾರಾಯ್ತಾ ಅವರಿಗೆ?" ಎಂದು ಬೆರ್ನಿಸ್ ಗಾಬರಿಯಾಗಿ ಕೇಳಿದಳಂತೆ. "ಗೊತ್ತಿಲ್ಲಮ್ಮ. ನಮ್ಮಪ್ಪ ಸತ್ತಾಗಲೂ ಹೀಗೇ ಎದ್ದು ಹೋಗಿ ಕಾರಲ್ಲಿ ಕೂತುಬಿಟ್ಟಿದ್ದ," ಎಂದಳಂತೆ ಆರ್ಲಿಸ್. ಇದನ್ನೆಲ್ಲ ಅವಳು ಆಮೇಲೆ ಅವನಿಗೆ ಹೇಳಿದ್ದು.

ಅವನು ಕಾರಿನಲ್ಲಿ ಕೂರಲಿಲ್ಲ. ಡಿಕ್ಕಿಯಲ್ಲಿದ್ದ ಆಲ್ಬಮ್ಮುಗಳಲ್ಲಿ ಹತ್ತೊಂಬತ್ತನೆಯದನ್ನು ಹುಡುಕುತ್ತಿದ್ದ. ಈ ಸೀಮೆಗೆ ಬರುವಾಗಲೆಲ್ಲ ಅದನ್ನು ತರುತ್ತಿದ್ದ. ಅವಸರದಲ್ಲಿ ಎರಡು ಸಲ ಅದನ್ನೇ ಎತ್ತಿ ಪಕ್ಕಕ್ಕಿಟ್ಟ.

ಒಳಗೆ ಬಂದು ಲೆಫ್ಸೆಯ ತಟ್ಟೆಯನ್ನು ಸರಿಸಿ ಆಲ್ಬಮ್ ಬಿಡಿಸಿದ. "ಇದನ್ನ ನೋಡಿ ಮಿಸೆಸ್ ಕ್ವಾಮ್."

ನೀಲಿ ಬೋರ್ಡೊಂದು, ಹಿಮದಲ್ಲಿ: ಇಪ್ಪತ್ತು. ಮುಂದಿನ ಪುಟ, ಸೂರ್ಯಕಾಂತಿಯ ಹೊಲದ ಮುಂದೆ: ಇಪ್ಪತ್ತೇಳು. ಇನ್ನೊಂದು, ರೈಲುಗೇಟಿನ ಪಕ್ಕ: ನಲವತ್ತೆರಡು. ಮೂರು ಕೌಂಟಿಗಳ ಬೋರ್ಡುಗಳು, ಒಟ್ಟು ನಲವತ್ತೊಂದು ಫೋಟೋ. ಎಲ್ಲದರಲ್ಲೂ ಎರಡರ ಅಂಕಿ ಇತ್ತು. ಎಲ್ಲ ಎರಡರ ಕತ್ತೂ ಒಂದೇ ಬಗೆಯಲ್ಲಿ, ಬೇರೆಲ್ಲೂ ಕಾಣದ ತುಂಬು ಬಾಗಿನಲ್ಲಿ ಹಿಂದಕ್ಕೆ ಬಳುಕಿತ್ತು.

"ಹದಿನಾರು ವರ್ಷದಿಂದ ಇದನ್ನ ಹುಡುಕ್ತಾ ಇದ್ದೀನಿ," ಎಂದ ಲೆಲ್ಯಾಂಡ್. "ಸರ್ಕಾರದ ಅಚ್ಚಿನ ಎರಡು ಹೀಗಿರಲ್ಲ, ಅದರ ಕತ್ತು ಗಿಡ್ಡ. ಇದು ಯಾರೋ ಒಬ್ಬರ ಕೈ. ಮೊದಲನೇದು ಸಿಕ್ಕಾಗ ಯಾಕೋ ಚೆಂದ ಅನ್ನಿಸ್ತು. ಎರಡನೇದು ಸಿಕ್ಕಾಗ, ಓ, ಇದು ಅವನೇ ಅಂದ್ಕೊಂಡೆ. ಆಮೇಲೆ ಎಲ್ಲಿ ಕಂಡ್ರೂ ಗುರುತು ಹಿಡೀತಿದ್ದೆ, ಸಂತೇಲಿ ಪರಿಚಯದವರು ಕಂಡ ಹಾಗೆ. ಹೆಸರು ಗೊತ್ತಿರಲಿಲ್ಲ. ಹಂಸದವನು ಅಂತ ಕರೀತಿದ್ದೆ."

ಆಲ್ಬಮ್ಮಿನ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲೂ ಅದೇ ಬರೆದಿತ್ತು.

ಬೆರ್ನಿಸ್ ಕನ್ನಡಕ ಹುಡುಕಿ ಹಾಕಿಕೊಂಡಳು. ಪುಟ ತಿರುಗಿಸಿದಳು. ಇನ್ನೊಂದು ಪುಟ.

"ಇದು ಪೆಲಿಕನ್ ಕೆರೆ ರಸ್ತೇದು," ಎಂದಳು ಕೊನೆಗೆ. "ಇದರ ಅಂಕಿ ಕತ್ತರಿಸುವಾಗ ಹೆಬ್ಬೆಟ್ಟೂ ಕತ್ತರಿಸ್ಕೊಂಡೆ. ನಾಲ್ಕು ಹೊಲಿಗೆ." ಹೆಬ್ಬೆರಳನ್ನು ಎತ್ತಿ ತೋರಿಸಿದಳು. "ಇದು ನಮ್ಮ ಯಜಮಾನ್ರು ಹೆರಾಲ್ಡ್ ಆಸ್ಪತ್ರೇಲಿದ್ದಾಗ. ಬೆಳಿಗ್ಗೆ ಶೆಡ್ಡು, ಮಧ್ಯಾಹ್ನ ಆಸ್ಪತ್ರೆ. ನೋಡಿ, ಎರಡು ಸ್ವಲ್ಪ ವಾಲಿದೆ. ನಿಮಗೆ ಕಂಡಿತ್ತಾ ಅದು?"

"ಕಂಡಿತ್ತು. ಅವತ್ತು ಇವರಿಗೆ ಹುಷಾರಿರಲಿಲ್ವೇನೋ ಅಂತ ಬರ್ಕೊಂಡಿದ್ದೀನಿ." ಫೋಟೋದ ಕೆಳಗೆ ಪೆನ್ಸಿಲಿನಲ್ಲಿ ಹಾಗೆಯೇ ಇತ್ತು.

ಬೆರ್ನಿಸ್ ಅದನ್ನು ಓದಿದಳು. ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿಕೊಂಡಳು, ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದಳು. ಆರ್ಲಿಸ್ ಎದ್ದು ಹೋಗಿ ಕಾಫಿಯ ಕೆಟಲ್ ತಂದಳು, ತನ್ನ ಮನೆಯೇ ಎಂಬಂತೆ.

"ಹಂಸ," ಎಂದಳು ಬೆರ್ನಿಸ್. ಆಕೆಯ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಲೆಲ್ಯಾಂಡ್ ಹೆದರಿದ. ಆಕೆ ನಗುತ್ತಿದ್ದಳು. "ಹಂಸ ಅಲ್ಲ ಕಣ್ರೀ, ಉಪ್ಪಿನಕಾಯಿ! ಎರಡರ ಅಚ್ಚು ಒಂದು ಚಳಿಗಾಲ ಬಿದ್ದು ಒಡೆದುಹೋಯ್ತು. ಹೊಸದು ಬರೋಕೆ ಆರು ವಾರ ಅಂದ್ರು. ಊಟಕ್ಕೆ ಅಂತ ಸೌತೆಕಾಯಿ ಉಪ್ಪಿನಕಾಯಿ ತಂದಿದ್ದೆ. ಅದರ ಬಾಟ್ಲಿ ಮುಚ್ಚಳ ಇಟ್ಟು ಸುತ್ತ ಗೆರೆ ಎಳೆದೆ, ಅದೇ ಕತ್ತಾಯ್ತು. ಮರದ ಹಲಗೇಲಿ ಅಚ್ಚು ಕೆತ್ತಿಬಿಟ್ಟೆ. ಹೊಸದು ಬಂದ್ಮೇಲೂ ಅದನ್ನೇ ಇಟ್ಕೊಂಡೆ. ನಂಗೂ ಚೆಂದ ಅನ್ನಿಸ್ತಿತ್ತು. ಯಾರೂ ಒಂದು ದಿನಾನೂ ಕೇಳ್ಲಿಲ್ಲ. ಗಂಟೆಗೆ ಐವತ್ತೈದು ಮೈಲಿ ವೇಗದಲ್ಲಿ ಹೋಗೋರಿಗೆ ಎರಡರ ಕತ್ತು ಯಾರಿಗೆ ಬೇಕು?"

"ಇವನಿಗೆ ಬೇಕು," ಎಂದಳು ಆರ್ಲಿಸ್. "ಅದಕ್ಕೇ ಇವನ ಕೈಗೆ ಕಾರು ಕೊಡಲ್ಲ."

ಬೆರ್ನಿಸ್ ಆಲ್ಬಮ್ಮನ್ನು ಕೊನೆಯವರೆಗೆ ನೋಡಿ, ಮತ್ತೆ ಮೊದಲಿನಿಂದ ತಿರುಗಿಸಿ, ಹುಬ್ಬು ಗಂಟಿಕ್ಕಿದಳು. "ಇನ್ನೂರ ಇಪ್ಪತ್ತೆರಡು ಇಲ್ವಲ್ಲ?"

ಲೆಲ್ಯಾಂಡ್ ಕಪ್ಪನ್ನು ಕೆಳಗಿಟ್ಟ. "ಏನಂದ್ರಿ?"

"ಮೂರು ಎರಡು, ಸಾಲಾಗಿ. ಬೇಸಿಗೆ ಶಿಬಿರದ ರಸ್ತೆ. ಶಿಬಿರ ಮುಚ್ಚಿದ್ಮೇಲೆ ಮ್ಯಾಪಿಂದ ತೆಗೆದುಹಾಕಿದ್ರು. ಬೋರ್ಡು ಕೀಳೋಕೆ ಯಾರೂ ಹೋದ ನೆನಪಿಲ್ಲ ನಂಗೆ."

ಕೋಟು ಹಾಕಿಕೊಳ್ಳಿ ಎಂದು ಆಕೆಗೆ ಹೇಳಬೇಕಾಗಲಿಲ್ಲ, ಹಾಕಿಕೊಂಡೇ ಇದ್ದಳು.

ಬೆರ್ನಿಸ್ ಮುಂದಿನ ಸೀಟಿನಲ್ಲಿ ಕೂತು ದಾರಿ ತೋರಿಸಿದಳು. ಲೆಲ್ಯಾಂಡ್ ಹಿಂದೆ ಕೂತ. ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಎಂದು ಹೇಳುವಾಗ ಆಕೆಯ ಮಾತಿನಲ್ಲಿ ತಡವರಿಕೆಯೇ ಇರಲಿಲ್ಲ. ಕೆರೆಯ ದಂಡೆ ಸುತ್ತಿ, ಬಾಗಿಲು ಜಡಿದ ಮರದ ಕೋಣೆಗಳನ್ನು ದಾಟಿ, ಹುಲ್ಲು ಬೆಳೆದ ಹಾದಿಯ ಕೊನೆಗೆ ಬಂದರು. ಕಾಡುಬಳ್ಳಿ ಹಬ್ಬಿದ ಒಂದು ಕಂಬ. ಲೆಲ್ಯಾಂಡ್ ಬಳ್ಳಿಯನ್ನು ಹರಿಯದೆ, ಒಂದೊಂದೇ ಎಳೆಯನ್ನು ಬಿಡಿಸಿ ಪಕ್ಕಕ್ಕೆ ಸರಿಸಿದ. ಒಳಗೆ ಅದು ಇತ್ತು. ಬೇಟೆಗಾರರು ಯಾರೋ ಗುರಿ ನೋಡಲು ಹೊಡೆದ ಎರಡು ಗುಂಡಿನ ತೂತು, ಅಂಚಿಗೆ ತುಕ್ಕು. ನಡುವೆ ಮೂರು ಎರಡುಗಳು, ಮೂರೂ ಕತ್ತು ಬಳುಕಿಸಿ, ಒಂದರ ಹಿಂದೊಂದು ನೀರಿಗಿಳಿದ ಹಾಗೆ.

ಬೆರ್ನಿಸ್ ಕತ್ತಿಗೆ ಸುತ್ತಿದ್ದ ಉಣ್ಣೆಯ ವಸ್ತ್ರ ಬಿಚ್ಚಿ ಬೋರ್ಡಿನ ಮುಖ ಒರೆಸಿದಳು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಅಂತರ ಸರಿಯಾಗಿ ಕೂತಿದೆ," ಎಂದಳು. "ಮೂರು ಎರಡನ್ನ ಕೂರಿಸೋದು ಸುಲಭ ಅಲ್ಲ. ಮಧ್ಯದ್ದು ಯಾವಾಗ್ಲೂ ತಳ್ಳಾಡುತ್ತೆ."

"ಸರಿಯಾಗಿ ಕೂತಿದೆ," ಎಂದ ಲೆಲ್ಯಾಂಡ್. ಬಿಸಿಲು ಪಡುವಣಕ್ಕೆ ವಾಲಿ ಬೋರ್ಡಿನ ಮೇಲೆ ನೇರ ಬೀಳುವವರೆಗೆ ಮುಕ್ಕಾಲು ಗಂಟೆ ಮೂವರೂ ಕಾರಿನ ಮೂತಿಗೆ ಒರಗಿ, ಫ್ಲಾಸ್ಕಿನ ಕಾಫಿ ಕುಡಿದುಕೊಂಡು ಕಾದರು. ಆರ್ಲಿಸ್ ಮತ್ತು ಬೆರ್ನಿಸ್ ಮೊಣಕಾಲಿನ ಆಪರೇಷನ್ನುಗಳನ್ನು ಹೋಲಿಸಿ ನೋಡಿದರು. ಆಮೇಲೆ ಅವನು ಫೋಟೋ ತೆಗೆದ. ಅವನ ಲೆಕ್ಕದಲ್ಲಿ ನಲವತ್ತೆರಡನೆಯದು.

ಹಿಂದಿರುಗುವಾಗ ಬೆರ್ನಿಸ್ ಕಿಟಕಿಯ ಹೊರಗೆ ನೋಡುತ್ತಾ, "ಆ ಹನ್ನೆರಡು ನಿಮಗೆ ಇನ್ನೂ ಬೇಕಾ?" ಎಂದಳು.

ಬೇಡ ಎನ್ನುವುದು ಸಭ್ಯತೆ ಎಂದು ಲೆಲ್ಯಾಂಡ್‌ಗೆ ಗೊತ್ತಿತ್ತು. "ಬೇಕು," ಎಂದ.

ಆಕೆ ನಕ್ಕಳು. "ಆಗ್ಲಿ. ಆದ್ರೆ ಅದೇ ಕೂಡುರಸ್ತೇಲಿ ತೆಗೀಬೇಕು. ಕಂಬದ ಮೇಲೆ ಏರಿಸೋ ಹಾಗಿಲ್ಲ. ರಸ್ತೆಗೆ ಸುಳ್ಳು ಹೇಳಬಾರದು. ಹೊಸ ನೀಲಿ ಬೋರ್ಡು ಮೇಲೆ ಇರಲಿ, ಇದು ಕೆಳಗೆ ಕಂಬದ ಬುಡದಲ್ಲಿ ಕೂತಿರಲಿ. ಎರಡೂ ಒಟ್ಟಿಗೆ ಕಾಣಬೇಕು. ಯಾರು ನೋಡಿದ್ರೂ ಯಾವುದು ಸರಿ ಅಂತ ಗೊತ್ತಾಗಬೇಕು."

ಹಾಗೆಯೇ ಮಾಡಿದರು. ಮನೆಗೆ ಹೋಗಿ ತಗಡು ತಂದು, ಗಾಳಿಗೆ ಬೀಳದಂತೆ ಬುಡಕ್ಕೆ ಕಲ್ಲು ಕೊಟ್ಟಳು ಬೆರ್ನಿಸ್. ಅತ್ತ ಬೀಟ್ ಗೆಡ್ಡೆಯ ಲಾರಿಯೊಂದು ಹಾದುಹೋಗುತ್ತಾ ಹಾರ್ನ್ ಹೊಡೆಯಿತು. ಬೆರ್ನಿಸ್ ಕೈಯೆತ್ತಿ ಬೀಸಿದಳು.

ಗುರುವಾರ ಗುಜರಿಯವನು ಬಂದಾಗ ಆಕೆ ಅವನಿಗೆ ಹಳೆಯ ಒಲೆ ಕೊಟ್ಟು ಕಳಿಸಿದಳು. ಲೆಲ್ಯಾಂಡ್ ಆ ಎರಡು ಫೋಟೋಗಳನ್ನು ತನ್ನಂಥವರೆಲ್ಲ ಸೇರುವ ಇಂಟರ್ನೆಟ್ಟಿನ ತಾಣದಲ್ಲಿ ಹಾಕಿದ. ಕೆಳಗೆ ಹೆಚ್ಚೇನೂ ಬರೆಯಲಿಲ್ಲ. "ಹಂಸದವನು ಹೆಂಗಸು. ಹೆಸರು ಬೆರ್ನಿಸ್ ಕ್ವಾಮ್. ನಾರ್ಬಿಯಲ್ಲಿದ್ದಾರೆ," ಎಂದಷ್ಟೇ. ಚಳಿಗಾಲವೆಲ್ಲ ಅದಕ್ಕೆ ಉತ್ತರಗಳು ಬಂದವು. ನನ್ನ ಹತ್ತಿರವೂ ಅವರ ಬೋರ್ಡಿನ ಫೋಟೋ ಒಂದಿದೆ ಎಂದು ಒಬ್ಬ ನೆಬ್ರಾಸ್ಕದಿಂದ ಬರೆದ. ಲೆಲ್ಯಾಂಡ್ ಎಲ್ಲವನ್ನೂ ಕಾಗದದ ಮೇಲೆ ಅಚ್ಚು ಹಾಕಿ ಅಂಚೆಯಲ್ಲಿ ಕಳಿಸಿದ. ಬೆರ್ನಿಸಳಿಗೆ ಕಂಪ್ಯೂಟರ್ ಇರಲಿಲ್ಲ.

ಜೂನ್‌ನಲ್ಲಿ ಬೋರ್ಡಿನ ಹುಚ್ಚರ ವಾರ್ಷಿಕ ಕೂಟ. ಸಾಮಾನ್ಯವಾಗಿ ದೊಡ್ಡ ಊರಿನಲ್ಲಿ ನಡೆಯುವಂಥದ್ದು ಆ ವರ್ಷ ನಾರ್ಬಿಯ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯಿತು. ಇಪ್ಪತ್ತಾರು ಜನ, ಒಂಬತ್ತು ರಾಜ್ಯಗಳಿಂದ. ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡ, ಒಬ್ಬರನ್ನೊಬ್ಬರು ನೋಡಿ ನಾಚುವ, ರಸ್ತೆ ನಂಬರ್ ಹೇಳಿದರೆ ಮಾತ್ರ ಬಾಯಿ ಬಿಡುವ ಜನ. ಗೇಲೀನ್ ಪೈಗಳನ್ನು ತಂದಿಟ್ಟಳು. ಆರ್ವಿಡ್ ಮತ್ತು ಅವನ ಗೆಳೆಯರು ಕರೆಯದಿದ್ದರೂ ಬಂದು ಹಿಂದಿನ ಸಾಲಿನಲ್ಲಿ ಕೂತರು. ಕ್ಯಾರಿನ್ ಮತ್ತು ಟಾಡ್ ಕೂಡ ಬಂದಿದ್ದರು. ಟಾಡ್ ಈಗ ಬೋಳುತಲೆಯ, ಹೊಟ್ಟೆ ಬಂದ ಗಂಡಸು.

ಮೊದಲು ಬೆರ್ನಿಸ್ ಮಾತಾಡುವುದಿಲ್ಲ ಎಂದು ಅಡಿಗೆಯ ಕಡೆಗೆ ಹೋಗಿ ತಟ್ಟೆ ತೊಳೆಯುತ್ತಾ ನಿಂತಳು. ಆರ್ಲಿಸ್ ಹೋಗಿ ಕೈಯಿಂದ ತಟ್ಟೆ ಕಿತ್ತುಕೊಂಡು, ರಟ್ಟೆ ಹಿಡಿದು ಕರೆತಂದಳು. ಆಕೆ ಹೊಳೆಯುವ ಹಾಳೆ, ಚೂರಿ, ಮರದ ಅಚ್ಚು ಮೇಜಿನ ಮೇಲಿಟ್ಟು, ಅಂಕಿ ಹೇಗೆ ಕತ್ತರಿಸುತ್ತಾರೆಂದು ತೋರಿಸಿದಳು. ಚೂರಿ ಹಿಡಿದದ್ದೇ ಆಕೆಯ ಅಂಜಿಕೆ ಹೋಯಿತು. ಇಪ್ಪತ್ತಾರು ಜನ ಉಸಿರು ಬಿಗಿಹಿಡಿದು ನೋಡಿದರು. ಒಂದೇ ಎಳೆತಕ್ಕೆ ಆ ಕತ್ತು ಬಳುಕಿ ಬಂದಾಗ ಯಾರೋ "ಆಹಾ" ಎಂದರು.

ಕೊನೆಗೆ ಒಹಾಯೋದಿಂದ ಬಂದಿದ್ದ ಒಬ್ಬ ತೆಳ್ಳಗಿನ ಗಣಿತದ ಮೇಷ್ಟ್ರು ಕೈಯೆತ್ತಿ, ತುಂಬ ಗಂಭೀರವಾಗಿ, "ಮಿಸೆಸ್ ಕ್ವಾಮ್, ಆ ಹನ್ನೆರಡು ಹೇಗಾಯ್ತು, ದಯವಿಟ್ಟು ಹೇಳ್ತೀರಾ?" ಎಂದು ಕೇಳಿದ.

ಹಿಂದಿನ ಸಾಲಿನಲ್ಲಿ ಆರ್ವಿಡ್ ಬಾಯಿ ತೆರೆದ. ಗೇಲೀನ್ ಅವನ ಬೆನ್ನಿಗೊಂದು ಗುದ್ದಿದಳು.

ಬೆರ್ನಿಸ್ ಹೇಳಿದಳು. ಇಪ್ಪತ್ತನಾಲ್ಕು ವರ್ಷ ಬೇರೆಯವರ ಬಾಯಲ್ಲಿ ಕೇಳಿದ ಕಥೆಯನ್ನು ಮೊದಲ ಸಲ ತಾನೇ ಹೇಳಿದಳು, ಉಳಿದಿದ್ದ ಬಿಳಿ ತಗಡಿನಿಂದ ಹಿಡಿದು ಜೊಂಡಿನಲ್ಲಿ ಹೂತ ಕಾರಿನವರೆಗೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದಳು, ಎಲ್ಲಿ ನಗಿಸಬೇಕೋ ಅಲ್ಲಿ ನಗಿಸಿದಳು. ಲೆಲ್ಯಾಂಡ್ ನೋಡುತ್ತಲೇ ಇದ್ದ. ಆಕೆ ಕತೆ ಹೇಳುವುದೂ ಅಂಕಿ ಕೂರಿಸುವ ಹಾಗೆಯೇ ಎನ್ನಿಸಿತು, ಅಂತರ ತಪ್ಪುವುದಿಲ್ಲ.

ಟಾಡ್ ಎದ್ದು ನಿಂತ. "ನಂದೂ ಒಂದು ಮಾತು ಇದೆ ದೊಡ್ಡಮ್ಮ. ಅವತ್ತು ಟ್ರಾಕ್ಟರ್ ಮೇಲೆ ಕೂತು ಬರುವಾಗ ನಂಗೆ ಒಂದೇ ಯೋಚನೆ, ಅವಳು ಹೊರಟುಹೋಗಿಬಿಟ್ಟಿದ್ರೆ ಏನು ಗತಿ ಅಂತ. ಅಲ್ಲಿವರೆಗೆ ಮದುವೆ ಅಂದ್ರೆ ಸೂಟು, ಊಟ ಅಂದ್ಕೊಂಡಿದ್ದೆ. ಅವಳು ಎಷ್ಟು ಬೇಕು ನಂಗೆ ಅಂತ ಗೊತ್ತಾಗಿದ್ದೇ ಆ ಕೆಸರಲ್ಲಿ. ಇಷ್ಟು ವರ್ಷ ಎಲ್ಲರ ಜೊತೆ ನಾನೂ ನಿಮ್ಮನ್ನ ಗೇಲಿ ಮಾಡ್ದೆ, ಇದನ್ನ ಮಾತ್ರ ಹೇಳ್ಲಿಲ್ಲ."

ಬೆರ್ನಿಸ್ ಚೂರಿಯನ್ನು ಮೇಜಿನ ಮೇಲೆ ನೆಟ್ಟಗೆ ಸರಿಸಿಟ್ಟಳು. "ಕೂತ್ಕೊಳೋ, ಪೈ ಆರುತ್ತೆ," ಎಂದಳು. ಕ್ಯಾರಿನ್ ಗಂಡನ ಕೋಟು ಹಿಡಿದೆಳೆದು ಕೂರಿಸಿದಳು, ಕಣ್ಣೊರೆಸಿಕೊಂಡು.

ಅಂದಿನಿಂದ ತಿರುಗಾಟಕ್ಕೆ ಮೂವರು. ಆರ್ಲಿಸ್ ಓಡಿಸುತ್ತಾಳೆ, ಲೆಲ್ಯಾಂಡ್ ಫೋಟೋ ತೆಗೆಯುತ್ತಾನೆ, ಬೆರ್ನಿಸ್ ತೀರ್ಪು ಕೊಡುತ್ತಾಳೆ. ಆ ಬೇಸಿಗೆಯ ಕೊನೆಗೆ ಅಯೋವಾದ ಗಡಿ ದಾಟುವಾಗ ಒಂದು ಬೋರ್ಡು ಕಂಡು ಲೆಲ್ಯಾಂಡ್ "ನಿಲ್ಲಿಸು!" ಎಂದ.

ಬೆರ್ನಿಸ್ ಕನ್ನಡಕ ಏರಿಸಿ ನೋಡಿದಳು. "ಆ ಎಂಟು ನೋಡಿ. ಮೇಲಿನ ಹೊಟ್ಟೆ ಕೆಳಗಿನ ಹೊಟ್ಟೆಗಿಂತ ದಪ್ಪ. ತಲೆಕೆಳಗು ಅಂಟಿಸಿದ್ದಾರೆ."

"ತಪ್ಪಾ?" ಎಂದಳು ಆರ್ಲಿಸ್, ಕಾರನ್ನು ಪಕ್ಕಕ್ಕೆ ತೆಗೆದುಕೊಳ್ಳುತ್ತಾ.

"ತಪ್ಪೇ," ಎಂದು ಬೆರ್ನಿಸ್ ಬಾಗಿಲು ತೆರೆದು, ಒದ್ದೆ ಬಟ್ಟೆ ಹಿಡಿದು ಇಳಿದಳು. "ಪಾಪ, ಯಾರೋ ಏನೋ. ಅವತ್ತು ಅವರ ಮನೇಲಿ ಏನಾಗಿತ್ತೋ. ಲೆಲ್ಯಾಂಡ್, ಚೆನ್ನಾಗಿ ಬರೋ ಹಾಗೆ ತೆಗೀರಿ."